ಗಂಗಾಳದಲ್ಲಿ ಇಲ್ಲದ್ದು ಮೈಮೇಲೆ ಕಾಣುತ್ತದೆ

ಚರ್ಮಕ್ಕೂ ವಿಟಮಿನ್ನಿಗೂ ಇರುವ ನಂಟಿನ ಬಗ್ಗೆ ಜಗತ್ತಿನ ವೈದ್ಯರು ಕಲಿತ ದೊಡ್ಡ ಪಾಠಗಳಲ್ಲಿ ಒಂದು ನಮ್ಮ ಜೋಳದ ಸೀಮೆಯ ಕೂಲಿಕಾರರ ಮುಂಗೈ ಮೇಲೆ ಬರೆದಿತ್ತು. ಬಿಸಿಲು ಏರುವ ಹೊತ್ತಿಗೆ ಕೈಯ ಹಿಂಬದಿ, ಪಾದದ ಮೇಲ್ಭಾಗ, ಕುತ್ತಿಗೆಯ ಸುತ್ತ ಚರ್ಮ ಮೊದಲು ಕೆಂಪಾಗಿ ಉರಿಯುತ್ತಿತ್ತು. ಆಮೇಲೆ ಕಪ್ಪಗಾಗಿ, ದಪ್ಪಗಾಗಿ, ಬಿರುಕು ಬಿಟ್ಟು ಪದರು ಪದರಾಗಿ ಸುಲಿಯುತ್ತಿತ್ತು. ಬಟ್ಟೆ ಮುಚ್ಚಿದ ಭಾಗಕ್ಕೆ ರೋಗ ಹೋಗುತ್ತಿರಲಿಲ್ಲ. ಬಿಸಿಲು ಬಿದ್ದಲ್ಲಿಗೆ ಬಂದು ಗೆರೆ ಎಳೆದು ನಿಲ್ಲುತ್ತಿತ್ತು. ನಾಲಿಗೆ ಕೆಂಪಾಗಿ ಹುಣ್ಣಾಗಿ ಖಾರ ಮುಟ್ಟದಾಗುತ್ತಿತ್ತು. ಭೇದಿ ಹಿಡಿಯುತ್ತಿತ್ತು. ಕೆಲವರಿಗೆ ನಿದ್ದೆ ಹಾರಿ, ಮನಸ್ಸು ಕಂಗೆಟ್ಟು, ತಮ್ಮವರನ್ನೇ ಗುರುತಿಸಲಾರದ ಸ್ಥಿತಿ ಬರುತ್ತಿತ್ತು. ಚಿಕಿತ್ಸೆ ಸಿಗದಿದ್ದರೆ ಸಾವು.

ಈ ರೋಗದ ಹೆಸರು ಪೆಲಾಗ್ರ. ಕಾರಣ ನಯಾಸಿನ್ ಕೊರತೆ, ಅಂದರೆ ವಿಟಮಿನ್ ಬಿ3 ಎಂದು ಇವತ್ತು ನಾವು ಮಾತ್ರೆಯ ಪಟ್ಟಿಯ ಹಿಂದೆ ಓದುವ ಆ ಸಣ್ಣ ಅಂಶದ ಕೊರತೆ. ಅಮೆರಿಕದಲ್ಲಿ, ಇಟಲಿಯಲ್ಲಿ, ಸ್ಪೇನಿನಲ್ಲಿ ಇದು ಮೆಕ್ಕೆಜೋಳ ತಿನ್ನುವ ಬಡವರ ರೋಗ. ನಮ್ಮ ದಖ್ಖನದಲ್ಲಿ ಮಾತ್ರ ಇದು ಬಿಳಿಜೋಳ ತಿನ್ನುವವರಿಗೆ ಬಂತು. ಹಾಗಾಗಿಯೇ ಹೈದರಾಬಾದಿನ ವಿಜ್ಞಾನಿಗಳು ಇದರ ಬೆನ್ನು ಹತ್ತಿದರು.

ಇವತ್ತು ನಾರಾಯಣಖೇಡ, ಜಹೀರಾಬಾದ, ತಾಂಡೂರಿನ ಯಾವ ಮೆಡಿಕಲ್ ಅಂಗಡಿಗೆ ಹೋದರೂ ಗಾಜಿನ ಹಿಂದೆ ಚರ್ಮಕ್ಕೆ, ಕೂದಲಿಗೆ, ಉಗುರಿಗೆ ಎಂದು ಬಗೆಬಗೆಯ ವಿಟಮಿನ್ ಡಬ್ಬಿಗಳಿವೆ. ಅವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯಲು ಈ ಸೀಮೆಯ ಹಳೆಯ ಕತೆಯಷ್ಟು ಒಳ್ಳೆಯ ದಾರಿ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ.

ಮೊದಲು ಸೀಮೆಯ ಬಗ್ಗೆ ಎರಡು ಮಾತು. 1956ರ ನವೆಂಬರಿನವರೆಗೆ ನಾರಾಯಣಖೇಡ, ಜಹೀರಾಬಾದ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು, ಕೊಡಂಗಲ್ ಗುಲಬರ್ಗಾ ಜಿಲ್ಲೆಯವು. ರಾಜ್ಯಗಳ ಪುನರ್ವಿಂಗಡಣೆ ಆದಾಗ ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದಿನ ನಿರ್ಣಾ ಸರ್ಕಲ್ ಮಾತ್ರ ಬೀದರ ಜಿಲ್ಲೆಯಲ್ಲೇ ಉಳಿಯಿತು. ಈಗ ನಾರಾಯಣಖೇಡ, ಜಹೀರಾಬಾದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದಿನಲ್ಲಿದೆ. ಗಡಿ ಸರಿದರೂ ಹೊಲದ ಬೆಳೆ ಸರಿಯಲಿಲ್ಲ. ಮಂಜೀರಾ ನದಿಯ ಆಚೆ ಈಚೆ ಅದೇ ಜೋಳ, ತೊಗರಿ, ಕಡಲೆ, ಕುಸುಬೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಉರ್ದು, ಒಂದಿಷ್ಟು ಊರಲ್ಲಿ ಮರಾಠಿ. ಗಂಗಾಳದಲ್ಲಿ ಎಲ್ಲರಿಗೂ ರೊಟ್ಟಿ.

ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂತು. 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಬೆರಿಬೆರಿ ರೋಗದ ತನಿಖೆಗೆಂದು ಒಂದೇ ಕೋಣೆಯಲ್ಲಿ ಆರಂಭಿಸಿದ ಕೆಲಸವದು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಹೈದರಾಬಾದಿಗೆ ಬಂದ ಹೊಸತರಲ್ಲಿ ಅಲ್ಲಿನ ವೈದ್ಯರಿಗೆ ಆಸ್ಪತ್ರೆಯಲ್ಲಿ ಕಂಡದ್ದು ಈ ಸುಲಿದ ಕೈಗಳು. ರೋಗಿಗಳು ಹೆಚ್ಚಿನವರು ಸುತ್ತಲಿನ ಜೋಳದ ಸೀಮೆಯ ಬಡ ಕೂಲಿಗಳು.

ಇಲ್ಲೊಂದು ಒಗಟಿತ್ತು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಕಡಿಮೆ. ನಮ್ಮ ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನಿನಿಂದ 1 ಮಿಲಿಗ್ರಾಂ ನಯಾಸಿನ್ ಮಾಡಿಕೊಳ್ಳುತ್ತದೆ. ಹಾಗಾಗಿ ಬರೀ ಮೆಕ್ಕೆಜೋಳ ತಿಂದವರಿಗೆ ಪೆಲಾಗ್ರ ಬಂದರೆ ಲೆಕ್ಕ ಸರಿಹೋಗುತ್ತದೆ. ಬಿಳಿಜೋಳದಲ್ಲಿ ಅಂಥ ಕೊರತೆ ಇಲ್ಲ. ನಯಾಸಿನ್ನಂತೂ ಪಾಲಿಶ್ ಅಕ್ಕಿಗಿಂತ ಜೋಳದಲ್ಲೇ ಹೆಚ್ಚು. ಆದರೂ ಅನ್ನ ಉಣ್ಣುವ ಬಡವನಿಗೆ ಬಾರದ ರೋಗ ರೊಟ್ಟಿ ತಿನ್ನುವ ಬಡವನಿಗೆ ಯಾಕೆ ಬರಬೇಕು?

ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಅತಿಯಾಗಿದೆ. ಅದು ದೇಹದೊಳಗೆ ಟ್ರಿಪ್ಟೊಫ್ಯಾನ್ ನಯಾಸಿನ್ ಆಗುವ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವರ ವಾದ. ಭವಾನಿ ಬೆಳವಾಡಿ ಮೊದಲಾದ ಸಹೋದ್ಯೋಗಿಗಳು ಜೋಳ ತಿನ್ನಿಸಿದ ನಾಯಿಗಳಲ್ಲಿ ಪೆಲಾಗ್ರಕ್ಕೆ ಸಮನಾದ ಕಪ್ಪುನಾಲಿಗೆ ರೋಗ ಬರುವುದನ್ನು ತೋರಿಸಿದರು. ಲ್ಯೂಸಿನ್ ಕಡಿಮೆ ಇರುವ ಜೋಳದ ತಳಿಗಳ ಹುಡುಕಾಟವೂ ನಡೆಯಿತು. ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಈ ಫಲಿತಾಂಶ ಎಲ್ಲ ಕಡೆ ಹಾಗೇ ಮರಳಿ ಬರಲಿಲ್ಲ, ಚರ್ಚೆ ದಶಕಗಳ ಕಾಲ ನಡೆಯಿತು. ಬಿ6 ವಿಟಮಿನ್ನಿನ ಪಾತ್ರವನ್ನೂ ಹೈದರಾಬಾದಿನವರೇ ಮುಂದೆ ಅಗೆದು ನೋಡಿದರು. ಶ್ರೀಕಂಠಯ್ಯನವರು ಆಮೇಲೆ ಆ ಸಂಸ್ಥೆಯ ನಿರ್ದೇಶಕರಾಗಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. ಗೋಪಾಲನ್ ನೂರು ವರ್ಷ ದಾಟಿ ಬದುಕಿ 2019ರಲ್ಲಿ ತೀರಿಕೊಂಡರು.

ಲ್ಯೂಸಿನ್ ವಾದ ಪೂರ್ತಿ ಗೆದ್ದಿತೋ ಇಲ್ಲವೋ, ಚಿಕಿತ್ಸೆಯಲ್ಲಿ ಯಾವ ಅನುಮಾನವೂ ಇರಲಿಲ್ಲ. ನಯಾಸಿನ್ನಿನದೇ ಒಂದು ರೂಪವಾದ ನಿಕೋಟಿನಮೈಡನ್ನು ದಿನಕ್ಕೆ ಸುಮಾರು 300 ಮಿಲಿಗ್ರಾಂ, ಮೂರು ಹೊತ್ತಿಗೆ ಹಂಚಿ ಕೊಟ್ಟರೆ ಕೆಲವೇ ದಿನಗಳಲ್ಲಿ ನಾಲಿಗೆಯ ಉರಿ ಇಳಿಯುತ್ತದೆ, ಭೇದಿ ನಿಲ್ಲುತ್ತದೆ, ಮನಸ್ಸು ತಿಳಿಯಾಗುತ್ತದೆ. ಕೆಲವು ವಾರಗಳಲ್ಲಿ ಚರ್ಮ ಹೊಸದಾಗಿ ಬರುತ್ತದೆ. ವಿಟಮಿನ್ ಮಾತ್ರೆ ಚರ್ಮಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಾಯುವ ಮನುಷ್ಯನನ್ನು ಎಬ್ಬಿಸಿ ಕೂರಿಸಿದ ಮಾತ್ರೆ ಅದು. ಎಬ್ಬಿಸಿದ್ದು ಮಾತ್ರ ಆ ವಿಟಮಿನ್ ಇಲ್ಲದೆ ಬಿದ್ದವನನ್ನು.

ಅಮೆರಿಕದ ಕತೆಯೂ ಇದನ್ನೇ ಹೇಳುತ್ತದೆ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಪೆಲಾಗ್ರ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ ಹಲವರು ಅದನ್ನು ಅಂಟುರೋಗ ಎಂದುಕೊಂಡಿದ್ದರು. 1914ರಲ್ಲಿ ತನಿಖೆಗೆ ನೇಮಕಗೊಂಡ ಡಾ. ಜೋಸೆಫ್ ಗೋಲ್ಡ್‌ಬರ್ಗರ್, ಅನಾಥಾಲಯಗಳಲ್ಲಿ ಮಕ್ಕಳಿಗೆ ರೋಗ ಬಂದರೂ ಅಲ್ಲಿನ ಸಿಬ್ಬಂದಿಗೆ ಬಾರದಿರುವುದನ್ನು ಗಮನಿಸಿದರು. ಸಿಬ್ಬಂದಿಯ ಊಟ ಬೇರೆ ಇತ್ತು. ಅಂಟುರೋಗವಲ್ಲ ಎಂದು ತೋರಿಸಲು 1916ರಲ್ಲಿ ಅವರು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಅವರ ಹೆಂಡತಿಯೂ ಜೊತೆಯಾದರು. ಯಾರಿಗೂ ರೋಗ ಬರಲಿಲ್ಲ. ಅವರು ತೀರಿಕೊಂಡ ಮೇಲೆ, 1937ರಲ್ಲಿ, ಕಾನ್ರಾಡ್ ಎಲ್ವೆಹಜೆಮ್ ನಿಕೋಟಿನಿಕ್ ಆಮ್ಲವೇ, ಅಂದರೆ ನಯಾಸಿನ್ನೇ, ಆ ಕಳೆದುಹೋದ ಅಂಶ ಎಂದು ಗುರುತಿಸಿದರು. ಹಿಟ್ಟಿಗೆ ನಯಾಸಿನ್ ಬೆರೆಸುವ ಪದ್ಧತಿ ಬಂತು, ರೋಗ ಹೋಯಿತು. ಆದರೆ ಗೋಲ್ಡ್‌ಬರ್ಗರ್ ಬದುಕಿದ್ದಾಗಲೇ ಹಾಲು, ಮಾಂಸ, ಮೊಟ್ಟೆ ಕೊಟ್ಟು ರೋಗ ನಿಲ್ಲಿಸಿ ತೋರಿಸಿದ್ದರು. ವಿಟಮಿನ್ನಿನ ಹೆಸರು ಗೊತ್ತಾಗುವ ಎಷ್ಟೋ ಮೊದಲೇ ಊಟ ಕೆಲಸ ಮಾಡಿತ್ತು.

ಈಗ ನಮ್ಮ ಜೋಳಕ್ಕೆ ಮರಳೋಣ. ಸಿರಿಧಾನ್ಯದ ಮಾತು ಎಲ್ಲೆಡೆ ಕೇಳಿಬರುತ್ತಿರುವ ಕಾಲವಿದು; 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಯಿತು. ಜೋಳ ಒಂದನ್ನು ತಿಂದರೆ ಚರ್ಮ ಹೊಳೆಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಹೇಳುವವರಿಗೆ ಈ ಸೀಮೆಯ ಪೆಲಾಗ್ರದ ಚರಿತ್ರೆ ಗೊತ್ತಿರಬೇಕು. ಜೋಳ ಒಳ್ಳೆಯ ಧಾನ್ಯ, ನಾನು ದಿನಾ ತಿನ್ನುತ್ತೇನೆ. ಆದರೆ ಜೋಳ ಮಾತ್ರವೇ ಊಟವಾದಾಗ, ಬೆಳಗ್ಗೆ ರೊಟ್ಟಿ ಖಾರ, ರಾತ್ರಿ ರೊಟ್ಟಿ ಖಾರ, ನಡುವೆ ಜೋಳದ ಅಂಬಲಿ ಎಂದಾದಾಗ, ಅದೇ ಧಾನ್ಯ ಮನುಷ್ಯನ ಚರ್ಮ ಸುಲಿದಿದೆ. ರೋಗ ಬಂದದ್ದು ಜೋಳ ಬೆಳೆಯುವ ಗೌಡರಿಗಲ್ಲ, ಅದೇ ಜೋಳವನ್ನು ಕೂಲಿಯಾಗಿ ಪಡೆದವರಿಗೆ. ಗೌಡರ ಗಂಗಾಳದಲ್ಲಿ ರೊಟ್ಟಿಯ ಜೊತೆ ತೊಗರಿಬೇಳೆ ಇತ್ತು, ಮೊಸರು ಇತ್ತು, ಶೇಂಗಾ ಹಿಂಡಿ ಇತ್ತು. ನೂರು ಗ್ರಾಂ ಶೇಂಗಾದಲ್ಲಿ ನಯಾಸಿನ್ 12 ಮಿಲಿಗ್ರಾಂ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದೇ ಹತ್ತು ಹದಿನೈದು ಮಿಲಿಗ್ರಾಂ. ಒಂದು ಹಿಡಿ ಶೇಂಗಾ ಸಿಕ್ಕಿದ್ದರೆ ಎಷ್ಟೋ ಜನರ ಕೈ ಸುಲಿಯುತ್ತಿರಲಿಲ್ಲ ಎಂಬ ಯೋಚನೆ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಮಕ್ಕಳ ಮೊಣಕೈ, ಮೊಣಕಾಲಿನ ಮೇಲೆ ಮುಳ್ಳುಮುಳ್ಳಾಗಿ ಏಳುವ ಗುಳ್ಳೆಯ ಕತೆಯೂ ಈ ಸೀಮೆಗೆ ಹತ್ತಿರದ್ದು. ಕಪ್ಪೆಯ ಚರ್ಮದಂತೆ ಕಾಣುವ ಈ ತೊಂದರೆಗೆ ವೈದ್ಯರು ಫ್ರೈನೊಡರ್ಮ ಎನ್ನುತ್ತಾರೆ. 1933ರಲ್ಲಿ ಸಿಲೋನಿನಲ್ಲಿ ಲೂಸಿಯಸ್ ನಿಕೋಲ್ಸ್ ಇದನ್ನು ವರ್ಣಿಸಿದಾಗ ವಿಟಮಿನ್ ಎ ಕೊರತೆ ಎಂದುಕೊಂಡರು. ಭಾರತದಲ್ಲಿ ಮುಂದೆ ನಡೆದ ಅಧ್ಯಯನಗಳು ಬೇರೆ ಕಡೆ ಬೆರಳು ತೋರಿಸಿದವು: ಅಡುಗೆ ಎಣ್ಣೆಯಿಂದ ಸಿಗುವ ಅವಶ್ಯ ಕೊಬ್ಬಿನಾಮ್ಲ ಮತ್ತು ಬಿ ಗುಂಪಿನ ವಿಟಮಿನ್, ಎರಡೂ ಕೊರತೆಯಾದಾಗ ಇದು ಬರುತ್ತದೆ. ಗುಣಪಡಿಸಲು ಬಳಸಿದ ಎಣ್ಣೆಗಳಲ್ಲಿ ಕುಸುಬೆ ಎಣ್ಣೆಯೂ ಒಂದು. ಅದರ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಚರ್ಮದ ತೇವ ಹಿಡಿದಿಡುವ ಪದರಕ್ಕೆ ಬೇಕಾದ ಕೊಬ್ಬು ಅದೇ. ನಮ್ಮ ಹಿಂಗಾರಿ ಜೋಳದ ಹೊಲದ ಸುತ್ತ ದನ ಒಳಗೆ ಬಾರದಿರಲೆಂದು ಮುಳ್ಳಿನ ಕುಸುಬೆಯ ಸಾಲು ಬಿತ್ತುವ ರೂಢಿ ಹಿರಿಯರಿಗೆಲ್ಲ ಗೊತ್ತು. ಎಳೆ ಇದ್ದಾಗ ಅದರ ಎಲೆ ಪಲ್ಯಕ್ಕೆ, ಬಲಿತ ಮೇಲೆ ಮುಳ್ಳು ಕಾವಲಿಗೆ, ಬೀಜ ಗಾಣಕ್ಕೆ. ತಾಂಡೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇವತ್ತಿಗೂ ತೊಗರಿಯ ಜೊತೆ ಕುಸುಬೆ ತಳಿಯ ಕೆಲಸ ನಡೆಯುತ್ತದೆ. ಅಗ್ಗದ ಪಾಮ್ ಎಣ್ಣೆ ಪ್ಯಾಕೆಟ್ ಬಂದ ಮೇಲೆ ಗಾಣದ ಕುಸುಬೆ ಎಣ್ಣೆ ಮನೆಗಳಿಂದ ಮರೆಯಾಗುತ್ತ ಬಂತು.

ಪೆಲಾಗ್ರ ಈಗ ಅಪರೂಪ. ಊಟ ಬದಲಾದದ್ದು ಅದಕ್ಕೊಂದು ಕಾರಣ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೊಗೆ 2 ರೂಪಾಯಿಯ ಅಕ್ಕಿ ತಂದಿತು. ರೊಟ್ಟಿಯ ಸೀಮೆ ನಿಧಾನಕ್ಕೆ ಅನ್ನದ ಸೀಮೆಯಾಯಿತು. ಹೊಟ್ಟೆ ತುಂಬಿತು, ಅದು ಸಣ್ಣ ಮಾತಲ್ಲ. ಆದರೆ ಜೋಳ ಹೋದಾಗ ಅದರ ಸಾಲಿನಲ್ಲಿ ಬೆಳೆಯುತ್ತಿದ್ದ ತೊಗರಿ, ಹೆಸರು, ಅಲಸಂದಿ, ಪುಂಡಿ, ಗುರೆಳ್ಳು ಕೂಡ ಹೋದವು. ಹೊಲದಲ್ಲಿ ಹತ್ತಿ, ಕಬ್ಬು, ಸೋಯಾ ಬಂದವು. ಕಳೆನಾಶಕ ಹೊಡೆದ ಹೊಲದಲ್ಲಿ ಸೊಪ್ಪು ಆಯುವಂತಿಲ್ಲ.

ಆ ಸೊಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಳೆಗಾಲದಲ್ಲಿ ಜೋಳದ ಹೊಲಕ್ಕೆ ಕಳೆ ಕೀಳಲು ಹೋದ ಹೆಣ್ಣುಮಕ್ಕಳ ಕೈಯನ್ನು ಗಮನಿಸಿ ನೋಡಿ. ಕಿತ್ತದ್ದನ್ನೆಲ್ಲ ಬದುವಿಗೆ ಎಸೆಯುವುದಿಲ್ಲ. ಒಂದು ಕೈ ಕೀಳುತ್ತಲೇ ಇರುತ್ತದೆ, ಇನ್ನೊಂದು ಕೈ ಆಯ್ದದ್ದನ್ನು ಸೊಂಟಕ್ಕೆ ಕಟ್ಟಿದ ಸೆರಗಿನ ಚೀಲಕ್ಕೆ ಹಾಕುತ್ತದೆ. ಗೋಳಿಸೊಪ್ಪು, ಕಿರಕಸಾಲಿ, ಎಳೆ ಚಗಚಿ, ತುಂಬೆಯ ಕುಡಿ, ಅಣ್ಣೆಸೊಪ್ಪು. ಈ ಅಣ್ಣೆಸೊಪ್ಪನ್ನೇ ತೆಲುಗಿನವರು ಗುನುಗು ಎನ್ನುತ್ತಾರೆ. ಎಳೆಯದಿದ್ದಾಗ ಪಲ್ಯ, ಹೂ ಬಿಟ್ಟ ಮೇಲೆ ಬತುಕಮ್ಮ ಹಬ್ಬಕ್ಕೆ ತಂಗಡಿ ಹೂವಿನ ಜೊತೆ ಏರುತ್ತದೆ. ಸಂಜೆ ಮನೆಗೆ ಬಂದು ಎಲ್ಲವನ್ನೂ ಕೂಡಿಸಿ, ಒಂದು ಹಿಡಿ ತೊಗರಿಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಪಲ್ಯ. ಕಾಸು ಖರ್ಚಿಲ್ಲ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಎ ಆಗಿ ಬದಲಾಗುವ ಕೆರೋಟಿನ್ ಇದೆ, ರೈಬೊಫ್ಲೇವಿನ್, ಫೋಲೇಟ್, ವಿಟಮಿನ್ ಸಿ, ಕಬ್ಬಿಣ ಇವೆ. ಆ ಒಗ್ಗರಣೆಯ ಎಣ್ಣೆಯೂ ಸುಮ್ಮನೆ ಅಲ್ಲ: ಕೆರೋಟಿನ್ ಮೈಗೆ ಹತ್ತಬೇಕಾದರೆ ಕೊಬ್ಬು ಬೇಕು.

ಜಹೀರಾಬಾದಿನ ಹತ್ತಿರ ಪಸ್ತಾಪುರದಲ್ಲಿ 1983ರಿಂದ ಇರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಈ ಬಿತ್ತದೆ ಬೆಳೆಯುವ ಸೊಪ್ಪುಗಳನ್ನು ದಾಖಲಿಸಿತು, ಅವುಗಳ ಪೌಷ್ಟಿಕಾಂಶದ ಲೆಕ್ಕ ಜನರ ಮುಂದಿಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಸೊಸೈಟಿಯ ಸಂಘಗಳಲ್ಲಿರುವವರು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು, ಎಕರೆ ಎರಡೆಕರೆ ಒಣಭೂಮಿಯವರು. ಒಂದೇ ಹೊಲದಲ್ಲಿ ಹತ್ತಾರು ಬಗೆ ಬಿತ್ತುತ್ತಾರೆ. ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ಎತ್ತಿನ ಬಂಡಿಗಳಲ್ಲಿ ಬೀಜ ಹೊತ್ತು ಊರೂರಿಗೆ ಜಾತ್ರೆ ಹೊರಡುತ್ತಾರೆ. 2008ರಲ್ಲಿ ಮಾಚನೂರಿನಲ್ಲಿ ಸಂಘಂ ರೇಡಿಯೊ ಶುರುವಾಯಿತು; 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಪೆಲಾಗ್ರದ ಕತೆ ಗೊತ್ತಿದ್ದವರಿಗೆ ಇವರ ಕೆಲಸದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇವರು ಜೋಳ ಒಂದನ್ನೇ ಉಳಿಸಲಿಲ್ಲ, ಜೋಳದ ಪಕ್ಕದಲ್ಲಿ ಇರಬೇಕಾದದ್ದನ್ನೂ ಉಳಿಸಿದರು. ಗಡಿಯ ಈಚೆ ಬೀದರ, ಕಲಬುರಗಿಯ ಹೊಲಗಳಲ್ಲಿ ಎಳ್ಳಮಾವಾಸ್ಯೆಗೆ ಮಾಡುವ ಭಜ್ಜಿಯಲ್ಲಿ ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯೆ, ಸೊಪ್ಪು ಎಲ್ಲ ಕೂಡುವುದೂ ಅದೇ ತಿಳಿವಳಿಕೆಯ ಅಡುಗೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಬಿ ಗುಂಪಿನ ವಿಟಮಿನ್‌ಗಳ ಮೇಲೆ ಆಯುಷ್ಯ ಸವೆಸಿದ ಮೆಹತಾಬ್ ಬಾಮ್ಜಿ ನಿವೃತ್ತಿಯಾದ ಮೇಲೆ ಮಾತ್ರೆ ಹಂಚಲು ಹೊರಡಲಿಲ್ಲ. ಮೆದಕ ಜಿಲ್ಲೆಯ ನರಸಾಪುರದ ಹಳ್ಳಿಗಳಲ್ಲಿ ಹಿತ್ತಲ ಕೈತೋಟ, ಮನೆಗೋಳಿ ಸಾಕಣೆಯ ಕೆಲಸ ಹಿಡಿದರು. ಆ ಆಯ್ಕೆಗೆ ತೂಕವಿದೆ.

ಇನ್ನು ಅಂಗಡಿಯ ಡಬ್ಬಿಗಳ ಮಾತು. ಸಂತೆಯ ದಿನ ಮೆಡಿಕಲ್ ಮುಂದೆ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: ‘ಅಣ್ಣಾ, ಮಾರಿ ಕಪ್ ಆಗ್ಲಾಕತ್ತದ, ಕೂದ್ಲ ಉದರ್ಲಾಕತ್ತಾವ, ಏನರೆ ಛಲೋ ಗುಳಗಿ ಕೊಡ್ರಿ.’ ಕೇಳುವಾಕೆ ಇಪ್ಪತ್ತರ ಹುಡುಗಿ, ಮುಂದಿನ ತಿಂಗಳು ನೋಡಲು ಬರುವವರಿದ್ದಾರೆ. ಅಂಗಡಿಯವರು ಬಯೊಟಿನ್ ಡಬ್ಬಿ ತೆಗೆದಿಡುತ್ತಾರೆ. ಅವರೂ ಕೆಟ್ಟವರಲ್ಲ, ಕೇಳಿದ್ದು ಕೊಡುತ್ತಾರೆ. ಊರಿನ ಆರ್‌ಎಂಪಿ ಡಾಕ್ಟರ ಬಳಿ ಹೋದರೆ ತಾಕತ್ತಿನ ಸೂಜಿ ಎಂದು ಬಿ-ಕಾಂಪ್ಲೆಕ್ಸ್ ಚುಚ್ಚುತ್ತಾರೆ.

ಬಯೊಟಿನ್ ನಮಗೆ ದಿನಕ್ಕೆ ಬೇಕಾದದ್ದು 40 ಮೈಕ್ರೊಗ್ರಾಂ. ಮಾರಾಟವಾಗುವ ಎಷ್ಟೋ ಮಾತ್ರೆಗಳಲ್ಲಿ ಇರುವುದು 10 ಮಿಲಿಗ್ರಾಂ, ಅಂದರೆ 250 ಪಟ್ಟು. ಶೇಂಗಾ, ಮೊಟ್ಟೆ, ಬೇಳೆ ತಿನ್ನುವವರಲ್ಲಿ ಬಯೊಟಿನ್ ಕೊರತೆ ತೀರಾ ವಿರಳ; ಕೊರತೆ ಇಲ್ಲದವರ ಚರ್ಮಕ್ಕೆ ಅದು ಒಳ್ಳೆಯದು ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಪಾಯ ಬೇರೆ ಕಡೆ ಇದೆ. ಅಷ್ಟು ಬಯೊಟಿನ್ ರಕ್ತದಲ್ಲಿದ್ದಾಗ ಕೆಲವು ಪರೀಕ್ಷೆಗಳ ಫಲಿತಾಂಶ ತಪ್ಪುತ್ತದೆ. ಥೈರಾಯ್ಡ್ ತೊಂದರೆ ಇಲ್ಲದವರಿಗೆ ಇದೆ ಎಂದು ಬರಬಹುದು. ಹೃದಯಾಘಾತ ಆದವರ ರಕ್ತದಲ್ಲಿ ಅದನ್ನು ಪತ್ತೆ ಹಚ್ಚುವ ಟ್ರೊಪೊನಿನ್ ಕಡಿಮೆ ತೋರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಕೂದಲಿಗೆಂದು ತಿಂದ ಮಾತ್ರೆ ಎದೆನೋವಿನ ದಿನ ದಾರಿ ತಪ್ಪಿಸುವುದೆಂದರೆ ಸಣ್ಣ ವಿಷಯವಲ್ಲ.

ವಿಟಮಿನ್ ಎ ಇನ್ನೂ ಹರಿತ. ಅದು ಕಡಿಮೆಯಾದರೂ ಚರ್ಮ ಒಣಗುತ್ತದೆ, ಹೆಚ್ಚಾದರೂ ಒಣಗುತ್ತದೆ. ತುಟಿ ಒಡೆಯುತ್ತದೆ, ಕೂದಲು ಉದುರುತ್ತದೆ, ಯಕೃತ್ತು ಕೆಡುತ್ತದೆ. ಬಸುರಿ ಹೆಂಗಸು ಅತಿಯಾಗಿ ತೆಗೆದುಕೊಂಡರೆ ಮಗುವಿಗೆ ಹುಟ್ಟು ನ್ಯೂನತೆ ಬರಬಹುದು. ಸೊಪ್ಪು, ಗಜ್ಜರಿಯಿಂದ ಬರುವ ಕೆರೋಟಿನ್‌ನಿಂದ ಈ ಭಯವಿಲ್ಲ, ಅತಿಯಾದರೆ ಅಂಗೈ ಹಳದಿಯಾದೀತು, ಅಷ್ಟೇ. ಅದೇ ಕೆರೋಟಿನ್ನನ್ನು ಮಾತ್ರೆ ಮಾಡಿ ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ವರ್ಷಗಟ್ಟಲೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡಾ 18ರಷ್ಟು ಏರಿತು. 1994ರಲ್ಲಿ ಆ ಫಲಿತಾಂಶ ಬಂದಾಗ ವೈದ್ಯಲೋಕವೇ ದಂಗಾಯಿತು. ಬಿ6, ಬಿ12 ಅತಿಯಾದಾಗ ಕೆಲವರಿಗೆ ಮೊಡವೆಯಂಥ ಗುಳ್ಳೆ ಏಳುತ್ತವೆ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ದಿನಕ್ಕೊಂದರಂತೆ ತಿಂದು ಆಸ್ಪತ್ರೆ ಸೇರುವವರು ನಮ್ಮ ದೇಶದಲ್ಲಿ ಇದ್ದಾರೆ.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಅದೇ ಪೆಲಾಗ್ರದ ಔಷಧ ನಿಕೋಟಿನಮೈಡನ್ನು ಆಸ್ಟ್ರೇಲಿಯದಲ್ಲಿ, ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದವರಿಗೆ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಕೊಟ್ಟು ನೋಡಿದರು. ಹೊಸ ಕ್ಯಾನ್ಸರ್ ಗಂಟುಗಳು ಶೇಕಡಾ 23ರಷ್ಟು ಕಡಿಮೆಯಾದವು, ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭವೂ ನಿಂತಿತು. 2015ರ ಈ ಅಧ್ಯಯನ ಬಿಸಿಲಿಗೆ ಸುಲಭವಾಗಿ ಸುಡುವ ಬಿಳಿ ಚರ್ಮದವರದ್ದು, ಅದೂ ಅಪಾಯ ಹೆಚ್ಚಿದ್ದವರದ್ದು. ಅದನ್ನು ತೋರಿಸಿ ಎಲ್ಲರಿಗೂ ಹೊಳಪಿನ ಮಾತ್ರೆ ಮಾರುವುದು ಅನ್ಯಾಯ. ಇನ್ನು ಮೈಬಣ್ಣ ಕಪ್ಪಿರುವುದು ಯಾವ ವಿಟಮಿನ್ನಿನ ಕೊರತೆಯೂ ಅಲ್ಲ. ನಮ್ಮ ಬಿಸಿಲಿಗೆ ಆ ಬಣ್ಣವೇ ರಕ್ಷೆ. ಮುಂದಿನ ತಿಂಗಳು ಆ ಹುಡುಗಿಯನ್ನು ನೋಡಲು ಬರುವವರಿಗೂ ಯಾರಾದರೂ ಇದನ್ನು ಹೇಳಬೇಕು.

ಈ ಕಡೆಯ ಹಳ್ಳಿಗಳಲ್ಲಿ ಚರ್ಮದ ತೊಂದರೆ ಎಂದರೆ ಹೆಚ್ಚಾಗಿ ಹುಳುಕಡ್ಡಿ. ಅದಕ್ಕೆ ವಿಟಮಿನ್ ಏನೂ ಮಾಡುವುದಿಲ್ಲ, ಶಿಲೀಂಧ್ರದ ಔಷಧವೇ ಬೇಕು. ಸ್ಟೆರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಂತು ಆಮೇಲೆ ದುಪ್ಪಟ್ಟು ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು.

ಮುಖ ಬಿಳಚಿದ್ದರೆ ಮೊದಲು ನೋಡಬೇಕಾದದ್ದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಕೂದಲು ಉದುರುವುದಕ್ಕೂ, ಮೈ ಕಳೆಗುಂದುವುದಕ್ಕೂ ಅದೇ ಕಾರಣವಿರಬಹುದು. ಕಬ್ಬಿಣದ ಗುಳಗಿ ಪಿಎಚ್‌ಸಿಯಲ್ಲಿ, ಅಂಗನವಾಡಿಯಲ್ಲಿ ಬಿಟ್ಟಿ ಸಿಗುತ್ತದೆ. ಅದನ್ನು ಮೂಲೆಗಿಟ್ಟು ಬಯೊಟಿನ್ನಿಗೆ ದುಡ್ಡು ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಟಮಿನ್ ಪೂರಕ ಈಗಾಗಲೇ ನಮ್ಮ ಮನೆಯೊಳಗಿದೆ. ರೇಷನ್ ಅಕ್ಕಿಯನ್ನು ಮೊರದಲ್ಲಿ ಹಾಕಿ ಹಸನು ಮಾಡುವಾಗ ನೂರು ಕಾಳಿಗೆ ಒಂದರಂತೆ ತುಸು ಬೇರೆ ಬಣ್ಣದ, ತುಸು ನುಣುಪಾದ ಕಾಳು ಕಾಣುತ್ತದೆ. ಹೆಣ್ಣುಮಕ್ಕಳು ಅದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಒಂದೊಂದಾಗಿ ಆಯ್ದು ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರ ಕೊಟ್ಟದ್ದು. 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ ಬಲವರ್ಧಿತ ಅಕ್ಕಿ. ಯಾರೂ ತಿಳಿಸಿ ಹೇಳದ ಕಾರಣ ಸರ್ಕಾರ ಕೊಟ್ಟ ವಿಟಮಿನ್ ಕೋಳಿಯ ಪಾಲಾಗುತ್ತದೆ, ಅಂಗಡಿಯ ವಿಟಮಿನ್ ಸಾಲದ ದುಡ್ಡಿನಲ್ಲಿ ಮನೆಗೆ ಬರುತ್ತದೆ. ಇದು ರೇಷನ್ ಡೀಲರ ತಪ್ಪಲ್ಲ, ಆ ಹೆಣ್ಣುಮಕ್ಕಳ ತಪ್ಪಂತೂ ಅಲ್ಲವೇ ಅಲ್ಲ. ಆಶಾ ಕಾರ್ಯಕರ್ತೆಯರಿಗೆ ಕನ್ನಡ, ತೆಲುಗು ಎರಡರಲ್ಲೂ ಒಂದು ಚೀಟಿ ಕೊಟ್ಟು ಮನೆಮನೆಗೆ ಹೇಳಿಸಿದರೆ ಮುಗಿಯುವ ಕೆಲಸ.

ಹಾಗಾದರೆ ಮಾತ್ರೆ ಯಾರಿಗೆ ಬೇಕು? ಬಸುರಿ, ಬಾಣಂತಿಯರಿಗೆ ಕಬ್ಬಿಣ, ಫೋಲಿಕ್ ಆಮ್ಲ ಬೇಕೇಬೇಕು. ಮಾಂಸ, ಮೊಟ್ಟೆ, ಹಾಲು ಯಾವುದೂ ಮುಟ್ಟದವರಿಗೆ ಬಿ12 ಬೇಕಾಗಬಹುದು. ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರಿಗೆ ವೈದ್ಯರು ಬಿ6 ಬರೆಯುತ್ತಾರೆ, ಅದನ್ನು ಬಿಡಬಾರದು. ದಿನವೂ ಕುಡಿದು ಊಟ ಬಿಡುವವರಲ್ಲಿ ಪೆಲಾಗ್ರ ಇವತ್ತಿಗೂ ಕಾಣಿಸುತ್ತದೆ. ಅವರ ಸುಲಿದ ಮುಂಗೈಯನ್ನು ಬಿಸಿಲಿನ ಕಜ್ಜಿ ಎಂದು ಬಿಟ್ಟುಬಿಡಬಾರದು. ಬಾಯಿಯ ಮೂಲೆ ಮತ್ತೆ ಮತ್ತೆ ಸೀಳುವ ಮಗುವಿಗೆ ರೈಬೊಫ್ಲೇವಿನ್ ಬೇಕಾಗಿರಬಹುದು. ಇವರೆಲ್ಲರಿಗೂ ಮಾತ್ರೆ ಔಷಧ, ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು.

ಉಳಿದವರಿಗೆ ಒಂದು ಪೇರಲಹಣ್ಣು ಸಾಕು, ದಿನದ ವಿಟಮಿನ್ ಸಿ ಪೂರ್ತಿ ಬಂತು. ರೊಟ್ಟಿಗೆ ಶೇಂಗಾ ಹಿಂಡಿ, ತಪ್ಪಲ ಪಲ್ಯ, ಅನ್ನಕ್ಕೆ ಗಟ್ಟಿ ತೊವ್ವೆ, ವಾರಕ್ಕೆ ನಾಲ್ಕು ಮೊಟ್ಟೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ದೇಶಕ್ಕೆಲ್ಲ ಅದರ ರುಚಿ ಗೊತ್ತಾಯಿತು. ಅದನ್ನು ಬೆಳೆಯುವ ಊರಿನ ಕೂಲಿ ಮನೆಯಲ್ಲಿ ಬೇಳೆ ಇನ್ನೂ ತಿಳಿಸಾರಾಗಿಯೇ ಇದೆ. ತೆಲಂಗಾಣ ಸರ್ಕಾರ 2025ರ ಯುಗಾದಿಯಿಂದ ರೇಷನ್ನಿನಲ್ಲಿ ಸಣ್ಣಕ್ಕಿ ಕೊಡುತ್ತಿದೆ. ಅದರ ಜೊತೆ ಗಡಿ ತಾಲ್ಲೂಕುಗಳ ಕಾರ್ಡಿಗೆ ಇಲ್ಲಿಯದೇ ತೊಗರಿಬೇಳೆ, ಜೋಳ, ಒಂದು ಕಿಲೊ ಶೇಂಗಾ ಸೇರಿಸಿದರೆ ಇಲ್ಲಿನ ರೈತನಿಗೂ ಬೆಲೆ ಸಿಗುತ್ತದೆ, ಇಲ್ಲಿನವರ ಮೈಗೂ ಹತ್ತುತ್ತದೆ.

ಈಗಾಗಲೇ ಚರ್ಮಕ್ಕೋ ಕೂದಲಿಗೋ ಮಾತ್ರೆ ತಿನ್ನುತ್ತಿರುವ ಓದುಗರು ಡಬ್ಬಿಯನ್ನು ಸಂಗಡ ತೆಗೆದುಕೊಂಡು ಒಮ್ಮೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆಗೆ ಹೋಗುವ ಮೊದಲು ಬಯೊಟಿನ್ ತಿನ್ನುತ್ತಿರುವುದನ್ನು ತಪ್ಪದೆ ಹೇಳಿ, ಬಸುರಿಯಾಗಿದ್ದರೆ ವಿಟಮಿನ್ ಎ ಇರುವ ಯಾವ ಮಾತ್ರೆಯನ್ನೂ ಕೇಳದೆ ನುಂಗಬೇಡಿ.